ಫೋಟೊ ಎಲ್ಲಿದೆ ಅಂತ ನಕ್ಷೆಯನ್ನೇ ಕೇಳಿ

ಈ ಸಲ ಬಂದ ಪತ್ರಗಳಲ್ಲಿ ಐದು ಒಂದೇ ವಿಷಯದ ಸುತ್ತ ಇವೆ. ಮೇಲಿನಿಂದ ತೆಗೆದ ಫೋಟೊಗಳು ರಾಶಿ ಬಿದ್ದಿವೆ, ಬೇಕಾದಾಗ ಬೇಕಾದದ್ದು ಸಿಗುವುದಿಲ್ಲ. ಈ ಕೆಲಸದಲ್ಲೇ ನನ್ನ ಬಹುಪಾಲು ವರ್ಷ ಕಳೆದಿದೆ. ಹಾಗಾಗಿ ಪುಟ ಪೂರ್ತಿ ಇದಕ್ಕೇ ಮೀಸಲು.

ಪ್ರಶ್ನೆ: ಹೊಳೆಯ ದಡ ಎಷ್ಟು ಕುಸಿಯುತ್ತಿದೆ ಎಂದು ನಾನು ನೋಡುತ್ತಿರುತ್ತೇನೆ. ನಾಲ್ಕು ವರ್ಷದಲ್ಲಿ ಡ್ರೋನ್‌ನಿಂದ ತೆಗೆದ ಫೋಟೊಗಳು 11 ಸಾವಿರ ದಾಟಿವೆ. ತಾರೀಖಿನ ಪ್ರಕಾರ ಫೋಲ್ಡರ್ ಮಾಡಿದ್ದೇನೆ. ಆದರೆ ‘ಮೂರನೇ ತಿರುವಿನ ಎಲ್ಲ ವರ್ಷದ ಫೋಟೊ ಕೊಡಿ’ ಎಂದು ಯಾರಾದರೂ ಕೇಳಿದರೆ ಅರ್ಧ ದಿನ ಹುಡುಕಬೇಕು. ಫೈಲ್ ಹೆಸರೂ ಪ್ರತಿ ಫೋಲ್ಡರಿನಲ್ಲಿ ಒಂದನೇ ನಂಬರಿನಿಂದಲೇ ಶುರು. ಎಲ್ಲಕ್ಕೂ ಜಾಗದ ಹೆಸರಿಟ್ಟು ಬೇರೆ ಬೇರೆ ಫೋಲ್ಡರ್‌ಗಳಿಗೆ ಹಂಚಿಬಿಡಲೇ?

ಉತ್ತರ: ಬೇಡ. ದಯವಿಟ್ಟು ಹೆಸರು ಬದಲಿಸಬೇಡಿ. ಫೋಟೊಗಳನ್ನು ಇದ್ದಲ್ಲಿಂದ ಕದಲಿಸಲೂ ಬೇಡಿ.

ನಾನು ಕೆಲಸ ಕಲಿತದ್ದು ವಿಮಾನದಿಂದ ತೆಗೆದ ಫಿಲ್ಮ್ ಸುರುಳಿಗಳಿದ್ದ ಒಂದು ಕೋಣೆಯಲ್ಲಿ. ಒಂದೊಂದು ಫೋಟೊ 23 ಸೆಂಟಿಮೀಟರ್ ಚೌಕ. ಒಂದು ಫೋಟೊದ ಸುಮಾರು ಶೇ 60 ಭಾಗ ಮುಂದಿನ ಫೋಟೊದಲ್ಲೂ ಬರುವ ಹಾಗೆ ತೆಗೆದಿರುತ್ತಿದ್ದರು. ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿದರೆ ನೆಲದ ಏರುತಗ್ಗು ಎದ್ದು ಕಾಣಬೇಕಲ್ಲ, ಅದಕ್ಕೆ. ಆ ಕೋಣೆಯಲ್ಲಿ ಯಾರೂ ಸುರುಳಿ ಕತ್ತರಿಸಿ ಜಾಗವಾರು ಡಬ್ಬಕ್ಕೆ ಹಾಕುತ್ತಿರಲಿಲ್ಲ. ಅಲ್ಲಿ ಸೂಚಿ ನಕ್ಷೆ ಎಂಬುದೊಂದು ಇತ್ತು. ವಿಮಾನ ಹೋದ ದಾರಿಗೆ ಒಂದು ಗೆರೆ, ಗೆರೆಯ ಮೇಲೆ ಪ್ರತಿ ಫೋಟೊದ ನಡುಬಿಂದು, ಪಕ್ಕದಲ್ಲಿ ಸುರುಳಿಯ ನಂಬರು ಮತ್ತು ಫೋಟೊದ ನಂಬರು. ಹುಡುಕಿಕೊಂಡು ಬಂದವರು ಮೊದಲು ನಕ್ಷೆಯ ಮೇಲೆ ಬೆರಳಿಡುತ್ತಿದ್ದರು. ನಂಬರು ಗುರುತು ಹಾಕಿಕೊಂಡ ಮೇಲೆಯೇ ಡಬ್ಬದ ಮುಚ್ಚಳ ತೆಗೆಯುತ್ತಿದ್ದುದು.

ನಿಮಗೆ ಬೇಕಾಗಿರುವುದೂ ಅದೇ ಸೂಚಿ ನಕ್ಷೆ. ಒಂದು ಫೋಟೊ ಒಂದು ಫೋಲ್ಡರಿನಲ್ಲಿ ಮಾತ್ರ ಇರಬಲ್ಲದು. ಆದರೆ ಅದೇ ಫೋಟೊದಲ್ಲಿ ಮೂರನೇ ತಿರುವೂ ಇದೆ, ಸೇತುವೆಯೂ ಇದೆ, ದಡದ ಮೇಲಿನ ಮರಗಳೂ ಇವೆ. ಯಾವ ಫೋಲ್ಡರಿಗೆ ಹಾಕುತ್ತೀರಿ? ನಾಳೆ ಇನ್ಯಾರೋ ಸೇತುವೆ ಕೇಳುತ್ತಾರೆ, ಮತ್ತೆ ಅರ್ಧ ದಿನ.

ಹಳೆಯ ಕಾಲದಲ್ಲಿ ಕೈಯಲ್ಲಿ ಗುರುತಿಸುತ್ತಿದ್ದ ನಡುಬಿಂದುವಿನ ಕೆಲಸವನ್ನು ನಿಮ್ಮ ಡ್ರೋನ್ ಆಗಲೇ ಅರ್ಧ ಮಾಡಿಟ್ಟಿದೆ. ಜೆಪೆಗ್ ಫೈಲಿನ ತಲೆಭಾಗದಲ್ಲಿ ಎಕ್ಸಿಫ್ ಎಂಬ ಮಾಹಿತಿ ಇರುತ್ತದೆ. ಅಕ್ಷಾಂಶ, ರೇಖಾಂಶ, ಎತ್ತರ, ಸಮಯ ಎಲ್ಲ ಅಲ್ಲೇ. ಅದನ್ನು ಓದಿ ನಕ್ಷೆಯ ಮೇಲೆ ಚುಕ್ಕಿ ಇಡಲು ನಾನು ಬಳಸುವುದು ಕ್ಯೂಜಿಐಎಸ್. 2002ರಲ್ಲಿ ಗ್ಯಾರಿ ಶರ್ಮನ್ ಶುರು ಮಾಡಿದ ತಂತ್ರಾಂಶ ಇದು. ಉಚಿತ. ವಿಂಡೋಸ್, ಮ್ಯಾಕ್, ಲಿನಕ್ಸ್ ಮೂರರಲ್ಲೂ ನಡೆಯುತ್ತದೆ.

ಅದರ ಪ್ರೊಸೆಸಿಂಗ್ ಟೂಲ್‌ಬಾಕ್ಸ್ ತೆರೆದು ‘ಇಂಪೋರ್ಟ್ ಜಿಯೊಟ್ಯಾಗ್ಡ್ ಫೋಟೋಸ್’ ಹುಡುಕಿ. ನಿಮ್ಮ ಎಲ್ಲ ತಾರೀಖಿನ ಫೋಲ್ಡರ್‌ಗಳೂ ಇರುವ ದೊಡ್ಡ ಫೋಲ್ಡರನ್ನು ತೋರಿಸಿ. ಒಳಗಿನ ಫೋಲ್ಡರ್‌ಗಳನ್ನೂ ಓದು ಎಂದು ಹೇಳುವ ‘ಸ್ಕ್ಯಾನ್ ರಿಕರ್ಸಿವ್ಲಿ’ ಮನೆಗೆ ಟಿಕ್ ಹಾಕಿ, ಓಡಿಸಿ. ಫೋಟೊಗಳು ಎಲ್ಲಿಗೂ ನಕಲಾಗುವುದಿಲ್ಲ. ಅವು ಇದ್ದಲ್ಲೇ ಇರುತ್ತವೆ. ಪ್ರತಿ ಫೋಟೊಗೆ ಒಂದು ಚುಕ್ಕಿ, ಆ ಚುಕ್ಕಿಗೆ ಒಂದು ಸಾಲು ಮಾಹಿತಿ. ಫೈಲ್ ಹೆಸರು, ಅದಿರುವ ಫೋಲ್ಡರು, ಪೂರ್ತಿ ದಾರಿ, ಎತ್ತರ, ದಿಕ್ಕು, ಸಮಯ. ಎಲ್ಲ ಫೋಲ್ಡರಿನಲ್ಲೂ ಒಂದನೇ ನಂಬರಿನ ಫೋಟೊ ಇದ್ದರೂ ಇನ್ನು ಚಿಂತೆಯಿಲ್ಲ. ದಾರಿ ಬೇರೆ, ಚುಕ್ಕಿ ಬೇರೆ.

ಇಲ್ಲಿ ಒಂದು ಕಡೆ ಎಚ್ಚರ ಬೇಕು. ನೀವು ಬೇರೆ ಏನೂ ಹೇಳದಿದ್ದರೆ ಹೀಗೆ ಹುಟ್ಟಿದ ಲೇಯರ್, ಅಂದರೆ ಚುಕ್ಕಿಗಳ ಪದರ, ತಾತ್ಕಾಲಿಕ. ಪ್ರೋಗ್ರಾಂ ಮುಚ್ಚಿದರೆ ಹೋಯಿತು. ಕೂಡಲೇ ಜಿಯೊಪ್ಯಾಕೇಜ್ ಎಂಬ ಬಗೆಯ ನಕ್ಷೆ ಫೈಲಾಗಿ ಉಳಿಸಿ. ಶೇಪ್‌ಫೈಲ್ ಎಂಬ ಇನ್ನೊಂದು ಬಗೆ ಬೇಡ. ಅದರಲ್ಲಿ ಕಾಲಮ್ ಹೆಸರು 10 ಅಕ್ಷರ ಮೀರುವಂತಿಲ್ಲ, ಪಠ್ಯ 254 ಅಕ್ಷರಕ್ಕೆ ಕತ್ತರಿಸಿ ಹೋಗುತ್ತದೆ. ಫೋಲ್ಡರಿನೊಳಗೆ ಫೋಲ್ಡರು ಮಾಡುವವರ ಫೈಲ್ ದಾರಿ ಅಷ್ಟುದ್ದ ಆಗುವುದು ಅಪರೂಪವಲ್ಲ. ಜೊತೆಗೆ ಶೇಪ್‌ಫೈಲ್ ಎಂದರೆ ಹೆಸರಿಗೆ ಒಂದು, ನಿಜಕ್ಕೆ ನಾಲ್ಕೈದು ಫೈಲುಗಳ ಗುಂಪು. ಜಿಯೊಪ್ಯಾಕೇಜ್ ಒಂದೇ ಫೈಲು, ಪೆನ್‌ಡ್ರೈವ್‌ನಲ್ಲಿ ಹಾಕಿ ಕೊಡಬಹುದು.

ಈಗ ಮೂರನೇ ತಿರುವು. ಒಂದು ಹೊಸ ಪಾಲಿಗನ್ ಲೇಯರ್ ಮಾಡಿ, ನಿಮ್ಮ ಹೊಳೆಯ ತಿರುವುಗಳಿಗೆ ಒಂದೊಂದು ಬೇಲಿ ಬರೆದು ಹೆಸರು ಕೊಡಿ. ಇದು ಒಂದು ಸಲದ ಕೆಲಸ. ಆಮೇಲೆ ‘ಸೆಲೆಕ್ಟ್ ಬೈ ಲೊಕೇಶನ್’ನಲ್ಲಿ ಆ ಬೇಲಿಯೊಳಗಿನ ಚುಕ್ಕಿಗಳನ್ನು ಆರಿಸಿ, ಪಟ್ಟಿಯನ್ನು ಸಮಯದ ಪ್ರಕಾರ ಜೋಡಿಸಿ. ನಾಲ್ಕು ವರ್ಷದ ಮೂರನೇ ತಿರುವು ಸಾಲಾಗಿ ನಿಲ್ಲುತ್ತದೆ. ಮೊದಲ ಸಲ ಹಾಗೆ ನಿಂತದ್ದನ್ನು ನೋಡಿದಾಗ ನಾನು ಸ್ವಲ್ಪ ಹೊತ್ತು ಸುಮ್ನೆ ಕೂತಿದ್ದೆ. ಅಷ್ಟೊಂದು ಸಲ ಹಾರಿಸಿದ್ದರೂ ಆ ಜಾಗ ಬದಲಾದ ಬಗೆಯನ್ನು ಒಟ್ಟಿಗೆ ನೋಡಿಯೇ ಇರಲಿಲ್ಲ.

ಚುಕ್ಕಿಯ ಮೇಲೆ ಮೌಸ್ ಇಟ್ಟಾಗ ಫೋಟೊ ಚಿಕ್ಕದಾಗಿ ಕಾಣಬೇಕು ಅಂತಿದ್ದರೆ ‘ಮ್ಯಾಪ್ ಟಿಪ್ಸ್’ ಬಳಸಿ. ಲೇಯರ್ ಪ್ರಾಪರ್ಟೀಸ್‌ನ ‘ಡಿಸ್‌ಪ್ಲೇ’ ಪುಟದಲ್ಲಿ ಎಚ್‌ಟಿಎಂಎಲ್‌ನ ಇಮೇಜ್ ಟ್ಯಾಗ್ ಒಂದೇ ಸಾಲು ಬರೆಯಬೇಕು. ಫೈಲ್ ದಾರಿ ಬರುವ ಜಾಗದಲ್ಲಿ ‘ಫೋಟೊ’ ಕಾಲಮ್ ಸೇರಿಸಿ. ಅಗಲ 350 ಪಿಕ್ಸೆಲ್ ಕೊಟ್ಟರೆ ಸಾಕು, ಜಾಸ್ತಿ ಕೊಟ್ಟರೆ ನಕ್ಷೆಯೇ ಮುಚ್ಚಿಹೋಗುತ್ತದೆ.

ಇನ್ನು ನಿಮ್ಮ ಸ್ವಂತ ಕಾಲಮ್‌ಗಳು. ನಾನು ಮೂರೇ ಇಟ್ಟುಕೊಂಡಿದ್ದೇನೆ. ಫೋಟೊದಲ್ಲಿ ಮುಖ್ಯವಾಗಿ ಏನಿದೆ, ಸ್ಪಷ್ಟವಾಗಿದೆಯೇ, ಮತ್ತೆ ಒಂದು ಸಾಲಿನ ಟಿಪ್ಪಣಿ. ಹತ್ತು ಕಾಲಮ್ ಮಾಡಿದವರನ್ನೂ ನೋಡಿದ್ದೇನೆ. ಎರಡನೇ ಹಾರಾಟದ ಹೊತ್ತಿಗೆ ಎಂಟು ಖಾಲಿ ಉಳಿದಿರುತ್ತವೆ. ಹೊಸ ಹಾರಾಟ ಆದಾಗಲೆಲ್ಲ ಆ ಒಂದು ಫೋಲ್ಡರನ್ನು ಮಾತ್ರ ಓದಿಸಿ, ಬಂದ ಚುಕ್ಕಿಗಳನ್ನು ಕಾಪಿ ಮಾಡಿ ಮುಖ್ಯ ಲೇಯರ್‌ಗೆ ಅಂಟಿಸಿ. ಎಲ್ಲವನ್ನೂ ಮತ್ತೆ ಓದಿಸಿದರೆ ನೀವು ಬರೆದ ಟಿಪ್ಪಣಿಗಳಿಲ್ಲದ ಬೇರೆಯೇ ಲೇಯರ್ ಹುಟ್ಟುತ್ತದೆ.

ಕದಲಿಸಬೇಡಿ ಎಂದು ಯಾಕೆ ಒತ್ತಿ ಹೇಳಿದೆ ಅಂದರೆ, ಒಮ್ಮೆ ನಾನೇ ಕದಲಿಸಿದ್ದೆ. ಜಾಗ ಸಾಲದೆ ಫೋಟೊಗಳನ್ನೆಲ್ಲ ಹೊಸ ಹಾರ್ಡ್ ಡಿಸ್ಕ್‌ಗೆ ಹಾಕಿದೆ. ಡ್ರೈವ್‌ನ ಅಕ್ಷರ ಬದಲಾಯಿತು. ನಕ್ಷೆಯಲ್ಲಿ ಚುಕ್ಕಿಗಳೆಲ್ಲ ಹಾಗೇ ಇದ್ದವು, ಒಂದೂ ಫೋಟೊ ತೆರೆಯಲಿಲ್ಲ. ಎರಡು ದಿನ ನಿದ್ದೆ ಕೆಟ್ಟಿತು. ಕೊನೆಗೆ ಫೀಲ್ಡ್ ಕ್ಯಾಲ್ಕುಲೇಟರಿನಲ್ಲಿ ‘ರಿಪ್ಲೇಸ್’ ಬಳಸಿ ದಾರಿಯ ಮೊದಲ ಭಾಗವನ್ನು ಎಲ್ಲ ಸಾಲಿನಲ್ಲೂ ಒಟ್ಟಿಗೆ ಬದಲಿಸಿದೆ, ಸರಿಹೋಯಿತು. ಇಡೀ ಮರವನ್ನು ಬೇರು ಸಮೇತ ಸಾಗಿಸಿದರೆ ಹೀಗೆ ಸರಿಮಾಡಬಹುದು. ಕೊಂಬೆ ಕೊಂಬೆ ಬಿಡಿಸಿ ಅಲ್ಲಲ್ಲಿ ನೆಟ್ಟರೆ ಆಗುವುದಿಲ್ಲ.

ಪ್ರಶ್ನೆ: ನೀವು ಹಿಂದೊಮ್ಮೆ ಹೇಳಿದ ಹಾಗೆ ಕ್ಯೂಜಿಐಎಸ್‌ನಲ್ಲಿ ಫೋಟೊಗಳನ್ನು ಹಾಕಿದೆ. ಆದರೆ ಗುಡ್ಡ ಕುಸಿದ ಜಾಗದ ಫೋಟೊಗಳ ಚುಕ್ಕಿಗಳು ಎದುರಿನ ರಸ್ತೆಯ ಮೇಲೆ ಬಿದ್ದಿವೆ. ನೂರು ಮೀಟರಿಗಿಂತ ಜಾಸ್ತಿ ತಪ್ಪು. ನನ್ನ ಡ್ರೋನ್‌ನ ಜಿಪಿಎಸ್ ಕೆಟ್ಟಿದೆಯೇ?

ಉತ್ತರ: ಕೆಟ್ಟಿಲ್ಲ. ಚುಕ್ಕಿ ಸರಿಯಾದ ಜಾಗದಲ್ಲೇ ಇದೆ. ಅದು ಹೇಳುತ್ತಿರುವುದು ಕ್ಯಾಮೆರಾ ಎಲ್ಲಿತ್ತು ಎಂಬುದನ್ನು. ಕ್ಯಾಮೆರಾ ಏನನ್ನು ನೋಡುತ್ತಿತ್ತು ಎಂಬುದು ಬೇರೆ ಮಾತು.

ಈ ವ್ಯತ್ಯಾಸವನ್ನು ಬಿಟ್ಟರೆ ಈ ಕೆಲಸದಲ್ಲಿ ಕಷ್ಟದ್ದು ಇನ್ನೇನೂ ಇಲ್ಲ ಅನ್ನುವಷ್ಟು ಇದು ಮುಖ್ಯ. ಮೊದಲ ಪತ್ರ ಬರೆದವರೂ ಇದನ್ನು ಓದಬೇಕು. ಅವರ ಬೇಲಿಯೊಳಗೆ ಬೀಳದ ಚುಕ್ಕಿಯ ಫೋಟೊದಲ್ಲೂ ಮೂರನೇ ತಿರುವು ಇರಬಹುದು.

ಕ್ಯಾಮೆರಾ ನೇರ ಕೆಳಗೆ ನೋಡುತ್ತಿದ್ದರೆ ಚುಕ್ಕಿಯೂ ಫೋಟೊದ ನಡುವೂ ಹೆಚ್ಚುಕಡಿಮೆ ಒಂದೇ. ಜಿಪಿಎಸ್‌ನ ಕೆಲವು ಮೀಟರ್ ವ್ಯತ್ಯಾಸ ಬಿಟ್ಟುಬಿಡಿ. ನೀವು ಓರೆಯಾಗಿ ತೆಗೆದಿದ್ದೀರಿ. ಡ್ರೋನ್ ನೆಲದಿಂದ 80 ಮೀಟರ್ ಮೇಲಿದೆ, ಕ್ಯಾಮೆರಾ ದಿಗಂತದಿಂದ 30 ಡಿಗ್ರಿ ಕೆಳಗೆ ಬಾಗಿದೆ ಎಂದುಕೊಳ್ಳಿ. ನೆಲ ಸಮತಟ್ಟಾಗಿದ್ದರೆ ಫೋಟೊದ ನಡುಭಾಗ ಡ್ರೋನ್‌ನ ಕೆಳಗಿನ ಜಾಗದಿಂದ ಸುಮಾರು 139 ಮೀಟರ್ ಮುಂದೆ ಇರುತ್ತದೆ. 45 ಡಿಗ್ರಿ ಬಾಗಿಸಿದರೆ 80 ಮೀಟರ್ ಮುಂದೆ. ನಿಮ್ಮ ‘ತಪ್ಪು’ ಇಷ್ಟೇ.

ಇದನ್ನು ನಕ್ಷೆಯಲ್ಲಿ ತೋರಿಸಬೇಕಾದರೆ ಕ್ಯಾಮೆರಾದ ದಿಕ್ಕು ಮತ್ತು ಬಾಗು ಬೇಕು. ಕ್ಯೂಜಿಐಎಸ್ ತಂದ ಪಟ್ಟಿಯಲ್ಲಿ ‘ಡೈರೆಕ್ಷನ್’ ಕಾಲಮ್ ಇದೆ. ನಿಮ್ಮದರಲ್ಲಿ ಅದು ಖಾಲಿ ಇರಬೇಕು, ಅಲ್ವಾ? ಹಲವು ಡ್ರೋನ್‌ಗಳು ದಿಕ್ಕನ್ನು ಎಕ್ಸಿಫ್‌ನಲ್ಲಿ ಬರೆಯುವುದಿಲ್ಲ. ಅದೇ ಫೈಲಿನ ಎಕ್ಸ್‌ಎಂಪಿ ಎಂಬ ಇನ್ನೊಂದು ಭಾಗದಲ್ಲಿ ಬರೆಯುತ್ತವೆ. ಡಿಜೆಐ ಡ್ರೋನ್‌ಗಳಲ್ಲಿ ‘ಗಿಂಬಲ್ ಯಾ’ ಎಂದರೆ ಕ್ಯಾಮೆರಾ ನೋಡುತ್ತಿದ್ದ ದಿಕ್ಕು, ‘ಗಿಂಬಲ್ ಪಿಚ್’ ಎಂದರೆ ಬಾಗು. ಬಾಗು ಮೈನಸ್ 90 ಇದ್ದರೆ ನೇರ ಕೆಳಗೆ. ‘ಫ್ಲೈಟ್ ಯಾ’ ಅಂತಲೂ ಒಂದಿದೆ. ಅದು ಡ್ರೋನ್‌ನ ಮೈ ತಿರುಗಿದ್ದ ದಿಕ್ಕು, ನಮಗೆ ಬೇಕಾದದ್ದಲ್ಲ.

ಇವನ್ನು ಹೊರತೆಗೆಯಲು ಫಿಲ್ ಹಾರ್ವೆ ಬರೆದ ಎಕ್ಸಿಫ್‌ಟೂಲ್ ಸಾಕು. ಅದೂ ಉಚಿತ. ಇಡೀ ಫೋಲ್ಡರನ್ನು ಓದಿ ಒಂದು ಸಿಎಸ್‌ವಿ ಪಟ್ಟಿ ಕೊಡುತ್ತದೆ. ಅದನ್ನು ಕ್ಯೂಜಿಐಎಸ್‌ಗೆ ತಂದು ಚುಕ್ಕಿಗಳ ಲೇಯರ್‌ಗೆ ಜೋಡಿಸಿ. ಜೋಡಿಸುವಾಗ ಫೈಲ್ ಹೆಸರಿನಿಂದ ಹೊಂದಿಸಬೇಡಿ. ಒಂದೇ ಹೆಸರಿನ ಫೈಲು ಹತ್ತು ಫೋಲ್ಡರಿನಲ್ಲಿರುತ್ತದೆ, ಒಂದರ ದಿಕ್ಕು ಇನ್ನೊಂದಕ್ಕೆ ಅಂಟಿಕೊಳ್ಳುತ್ತದೆ. ಪೂರ್ತಿ ದಾರಿಯಿಂದಲೇ ಹೊಂದಿಸಿ. ಆ ಕಾರಣಕ್ಕೆ ಎಕ್ಸಿಫ್‌ಟೂಲ್‌ಗೆ ಫೋಲ್ಡರ್ ತೋರಿಸುವಾಗಲೂ ಪೂರ್ತಿ ದಾರಿ ಕೊಡಿ.

ದಿಕ್ಕು ಕೈಗೆ ಬಂದ ಮೇಲೆ ಮೊದಲ ಕೆಲಸ ಸುಲಭದ್ದು. ಚುಕ್ಕಿಯ ಬದಲು ಬಾಣದ ಗುರುತು ಕೊಟ್ಟು, ಅದರ ತಿರುವನ್ನು ದಿಕ್ಕಿನ ಕಾಲಮ್‌ಗೆ ಕಟ್ಟಿ. ರಸ್ತೆಯ ಮೇಲಿರುವ ಬಾಣಗಳೆಲ್ಲ ಕುಸಿದ ಗುಡ್ಡದ ಕಡೆ ಮುಖ ಮಾಡಿ ನಿಲ್ಲುತ್ತವೆ. ಬಹಳ ಜನರಿಗೆ ಇಷ್ಟೇ ಸಾಕಾಗುತ್ತದೆ. ಇನ್ನೂ ಬೇಕೆಂದರೆ ‘ಪ್ರಾಜೆಕ್ಟ್’ ಎಂಬ ಫಂಕ್ಷನ್ ಇದೆ. ಒಂದು ಬಿಂದುವಿನಿಂದ ಇಂಥ ದಿಕ್ಕಿಗೆ ಇಷ್ಟು ದೂರ ಹೋದರೆ ಸಿಗುವ ಹೊಸ ಬಿಂದುವನ್ನು ಅದು ಕೊಡುತ್ತದೆ. ದಿಕ್ಕನ್ನು ಡಿಗ್ರಿಯಲ್ಲಿ ಕೊಡಬೇಡಿ, ಕೋನದ ಇನ್ನೊಂದು ಅಳತೆಯಾದ ರೇಡಿಯನ್‌ಗೆ ಬದಲಿಸಿ ಕೊಡಿ. ಲೇಯರ್ ಕೂಡ ಜಾಗವನ್ನು ಮೀಟರ್ ಲೆಕ್ಕದಲ್ಲಿ ಹೇಳುವ ಯುಟಿಎಂ ಪದ್ಧತಿಯಲ್ಲಿರಲಿ. ಡಬ್ಲ್ಯುಜಿಎಸ್ 84ರ ಅಕ್ಷಾಂಶ ರೇಖಾಂಶದಲ್ಲೇ ಬಿಟ್ಟು 139 ಎಂದು ಕೊಟ್ಟರೆ ಅದನ್ನು 139 ಡಿಗ್ರಿ ಎಂದು ತಿಳಿದುಕೊಳ್ಳುತ್ತದೆ. ಅಕ್ಷಾಂಶದ ಒಂದು ಡಿಗ್ರಿಯೇ ಸುಮಾರು 111 ಕಿಲೋಮೀಟರ್.

ನೇರ ಕೆಳಗೆ ತೆಗೆದ ಫೋಟೊ ಎಷ್ಟು ನೆಲ ಹಿಡಿದಿದೆ ಎಂಬುದಕ್ಕೂ ಸಣ್ಣ ಲೆಕ್ಕವಿದೆ. ಎತ್ತರವನ್ನು ಸೆನ್ಸರಿನ ಅಗಲದಿಂದ ಗುಣಿಸಿ, ಲೆನ್ಸಿನ ಫೋಕಲ್ ಉದ್ದದಿಂದ ಭಾಗಿಸಿ. ಸೆನ್ಸರು 13.2 ಗುಣಿಸು 8.8 ಮಿಲಿಮೀಟರ್, ಫೋಕಲ್ ಉದ್ದ 8.8 ಮಿಲಿಮೀಟರ್ ಇರುವ ಕ್ಯಾಮೆರಾ 100 ಮೀಟರ್ ಎತ್ತರದಿಂದ 150 ಮೀಟರ್ ಅಗಲ, 100 ಮೀಟರ್ ಉದ್ದದ ನೆಲ ಹಿಡಿಯುತ್ತದೆ. ಈ ಆಯತಗಳನ್ನು ಒಂದು ಲೇಯರ್ ಮಾಡಿಕೊಂಡರೆ ಚುಕ್ಕಿಯ ಬದಲು ಆಯತ ನೋಡಿ ಹುಡುಕಬಹುದು. ಬೇಲಿಯ ಹೊರಗೆ ಚುಕ್ಕಿ ಬಿದ್ದ ಫೋಟೊವೂ ಆಗ ತಪ್ಪಿಸಿಕೊಳ್ಳುವುದಿಲ್ಲ.

ಲೆಕ್ಕಕ್ಕೆ ಯಾವ ಎತ್ತರ ಬಳಸಬೇಕು ಎಂಬಲ್ಲಿ ಬಹಳ ಜನ ಎಡವುತ್ತಾರೆ. ಪಟ್ಟಿಯ ‘ಆಲ್ಟಿಟ್ಯೂಡ್’ ನೆಲದಿಂದ ಅಳೆದದ್ದಲ್ಲ. ಎಕ್ಸ್‌ಎಂಪಿಯ ‘ರಿಲೇಟಿವ್ ಆಲ್ಟಿಟ್ಯೂಡ್’ ಕೂಡ ಡ್ರೋನ್ ಕೆಳಗಿನ ನೆಲದಿಂದಲ್ಲ, ಹಾರಲು ಶುರು ಮಾಡಿದ ಜಾಗದಿಂದ. ಗುಡ್ಡದ ತುದಿಯಿಂದ ಹಾರಿಸಿ ಕಣಿವೆಯ ಫೋಟೊ ತೆಗೆದರೆ ನಿಜವಾದ ಎತ್ತರ ಅದು ಹೇಳುವುದಕ್ಕಿಂತ ಎಷ್ಟೋ ಜಾಸ್ತಿ. ನಿಮ್ಮದು ಗುಡ್ಡದ ಜಾಗ. ಹಾಗಾಗಿ ನಿಮ್ಮ ಲೆಕ್ಕದ ಬಿಂದುವನ್ನು ಅಂದಾಜು ಎಂದೇ ಇಟ್ಟುಕೊಳ್ಳಿ, ಅಳತೆ ಎಂದು ಯಾರಿಗೂ ಕೊಡಬೇಡಿ.

ಪ್ರಶ್ನೆ: ನಾವು ಸಣ್ಣ ವಿಮಾನದಲ್ಲಿ ಕೂತು ಕೈ ಕ್ಯಾಮೆರಾದಿಂದ ಫೋಟೊ ತೆಗೆಯುತ್ತೇವೆ. ಕ್ಯಾಮೆರಾಕ್ಕೆ ಜಿಪಿಎಸ್ ಇಲ್ಲ. ಬೇರೆ ಜಿಪಿಎಸ್ ಉಪಕರಣ ಬರೆದಿಟ್ಟ ಹಾರಾಟದ ದಾರಿ ಜಿಪಿಎಕ್ಸ್ ಫೈಲಿನಲ್ಲಿ ಇದೆ. ಎರಡನ್ನೂ ಹೊಂದಿಸಿದರೆ ಎಲ್ಲ ಫೋಟೊಗಳೂ ಎರಡು ಕಿಲೋಮೀಟರ್ ಹಿಂದೆ ಬೀಳುತ್ತವೆ. ಯಾಕೆ?

ಉತ್ತರ: ಎಲ್ಲವೂ ಒಂದೇ ರೀತಿ, ಹಾರಾಟದ ದಾರಿಯ ಮೇಲೆಯೇ ಹಿಂದೆ ಸರಿದಿದ್ದರೆ ಕಾರಣ ಕ್ಯಾಮೆರಾದ ಗಡಿಯಾರ. ವಿಮಾನ ಸೆಕೆಂಡಿಗೆ 50 ಮೀಟರ್ ಹೋಗುತ್ತಿದೆ ಎನ್ನಿ. ಗಡಿಯಾರ 40 ಸೆಕೆಂಡು ಹಿಂದಿದ್ದರೆ ಸರಿಯಾಗಿ ಎರಡು ಕಿಲೋಮೀಟರ್. ನಡೆದಾಡುವವರಿಗೆ ಈ 40 ಸೆಕೆಂಡು ಗಮನಕ್ಕೇ ಬರುವುದಿಲ್ಲ.

ಎಕ್ಸಿಫ್‌ಟೂಲ್‌ನಲ್ಲಿ ಜಿಪಿಎಕ್ಸ್‌ನೊಂದಿಗೆ ಹೊಂದಿಸುವಾಗ ‘ಜಿಯೊಸಿಂಕ್’ ಎಂಬ ಆಯ್ಕೆಯಲ್ಲಿ ಈ ವ್ಯತ್ಯಾಸ ಕೊಡಬಹುದು. ವ್ಯತ್ಯಾಸ ಎಷ್ಟೆಂದು ಗೊತ್ತಾಗಲು ಮುಂದಿನ ಸಲ ಏರುವ ಮೊದಲೊಮ್ಮೆ, ಇಳಿದ ಮೇಲೊಮ್ಮೆ ಜಿಪಿಎಸ್ ಪರದೆಯ ಮೇಲಿನ ಗಂಟೆಯನ್ನೇ ಆ ಕ್ಯಾಮೆರಾದಲ್ಲಿ ಫೋಟೊ ತೆಗೆದುಕೊಳ್ಳಿ. ಸೆಕೆಂಡು ಕಾಣುವಂತಿರಲಿ. ಈ ಸಲದ್ದಕ್ಕೆ, ನಕ್ಷೆಯಲ್ಲಿ ಖಚಿತವಾಗಿ ಗುರುತು ಸಿಗುವ ಒಂದು ಸೇತುವೆಯನ್ನೋ ಅಣೆಕಟ್ಟನ್ನೋ ಹಿಡಿದ ಫೋಟೊ ಆರಿಸಿ, ವಿಮಾನ ಅದರ ಹತ್ತಿರ ಹಾದುಹೋದ ಸಮಯವನ್ನು ದಾರಿಯಲ್ಲಿ ನೋಡಿ ಲೆಕ್ಕ ಹಾಕಿ. ಜಿಪಿಎಕ್ಸ್‌ನ ಸಮಯ ಯುಟಿಸಿ ಎಂಬ ಅಂತರರಾಷ್ಟ್ರೀಯ ಸಮಯದಲ್ಲಿರುತ್ತದೆ, ಕ್ಯಾಮೆರಾದ್ದು ಸ್ಥಳೀಯ ಸಮಯ. ಅದೂ ನೆನಪಿರಲಿ. ಎಕ್ಸಿಫ್‌ಟೂಲ್ ಫೈಲಿಗೆ ಬರೆಯುವ ಮೊದಲು ಮೂಲ ಫೈಲನ್ನು ಬೇರೆ ಹೆಸರಿನಲ್ಲಿ ಪಕ್ಕದಲ್ಲೇ ಉಳಿಸುತ್ತದೆ. ಜಾಗ ತಿನ್ನುತ್ತದೆಂದು ಆ ಫೈಲುಗಳನ್ನು ಅವಸರದಲ್ಲಿ ಅಳಿಸಬೇಡಿ. ಮೊದಲು ನಕ್ಷೆಯಲ್ಲಿ ಹತ್ತಾರು ಫೋಟೊ ನೋಡಿ, ಸರಿ ಅನ್ನಿಸಲಿ.

ಪ್ರಶ್ನೆ: ಸಹೋದ್ಯೋಗಿ ಮೊಬೈಲ್‌ಗೆ ಕಳಿಸಿದ ಡ್ರೋನ್ ಫೋಟೊಗಳೆಲ್ಲ ‘ಇನ್‌ವ್ಯಾಲಿಡ್ ಫೋಟೋಸ್’ ಪಟ್ಟಿಗೆ ಹೋಗುತ್ತಿವೆ.

ಉತ್ತರ: ಜಾಗದ ಮಾಹಿತಿ ಸಿಗದ ಫೋಟೊಗಳನ್ನು ಕ್ಯೂಜಿಐಎಸ್ ಆ ಪಟ್ಟಿಗೆ ಹಾಕುತ್ತದೆ. ಮೆಸೇಜ್ ಆ್ಯಪ್‌ನಲ್ಲಿ ಫೋಟೊವಾಗಿ ಕಳಿಸಿದಾಗ ಸಾಮಾನ್ಯವಾಗಿ ಆ್ಯಪ್ ಚಿತ್ರವನ್ನು ಕುಗ್ಗಿಸುತ್ತದೆ, ಜೊತೆಗೆ ಎಕ್ಸಿಫ್ ಕೂಡ ಹೋಗುತ್ತದೆ. ಹೋದದ್ದನ್ನು ಆ ಪ್ರತಿಯಿಂದ ಮರಳಿ ಪಡೆಯಲಾಗದು. ಮೆಮೊರಿ ಕಾರ್ಡಿನ ಮೂಲ ಫೈಲನ್ನೇ ಕೇಳಿ. ನಾನು ಈ ಪಟ್ಟಿಯನ್ನು ಪ್ರತಿ ಸಲ ಓದುತ್ತೇನೆ. ಹಾರಾಟದ ಮೊದಲ ಕೆಲವು ಫೋಟೊ ಮಾತ್ರ ಅದರಲ್ಲಿದ್ದರೆ, ಜಿಪಿಎಸ್ ಉಪಗ್ರಹಗಳನ್ನು ಹಿಡಿಯುವ ಮೊದಲೇ ಹಾರಿಸಿದ್ದಾರೆ ಎಂದು ನನಗೆ ಅನುಮಾನ ಬರುತ್ತದೆ.

ಪ್ರಶ್ನೆ: ನಮ್ಮ ಗುಂಪು ದೊಡ್ಡ ಹಕ್ಕಿಗಳ ಗೂಡುಗಳನ್ನು ದೂರದಿಂದ, ಮೇಲಿನಿಂದ ಎಣಿಸುತ್ತದೆ. ಅನುಮತಿ ಪಡೆದೇ ಮಾಡುತ್ತೇವೆ. ನೀವು ಹೇಳುವ ರೀತಿಯ ನಕ್ಷೆ ನಮ್ಮಲ್ಲಿದೆ. ಅದನ್ನು ಎಲ್ಲರಿಗೂ ನೋಡಲು ಕೊಡಬೇಕೆಂದು ಆಸೆ.

ಉತ್ತರ: ನಿಮ್ಮ ಆಸೆ ನನಗೆ ಅರ್ಥವಾಗುತ್ತದೆ. ಆದರೆ ಗೂಡಿನ ಜಾಗ ಕೊಡಬೇಡಿ. ದಶಮಾಂಶದ ನಂತರ ಐದು ಅಂಕಿ ಇರುವ ಅಕ್ಷಾಂಶವೆಂದರೆ ಸುಮಾರು ಒಂದು ಮೀಟರಿನಷ್ಟು ಕರಾರುವಾಕ್ಕು. ಅಷ್ಟು ಗೊತ್ತಾದರೆ ಯಾರು ಬೇಕಾದರೂ ಆ ಮರದ ಬುಡಕ್ಕೇ ಹೋಗಿ ನಿಲ್ಲಬಹುದು.

ಮೂಲ ಜಿಯೊಪ್ಯಾಕೇಜ್ ನಿಮ್ಮಲ್ಲೇ ಇರಲಿ. ಹೊರಗೆ ಕೊಡಲು ಬೇರೆ ಲೇಯರ್ ಮಾಡಿ. ಐದೋ ಹತ್ತೋ ಕಿಲೋಮೀಟರಿನ ಚೌಕಗಳನ್ನು ಎಳೆದು, ಒಂದೊಂದು ಚೌಕದಲ್ಲಿ ಎಷ್ಟು ಗೂಡು ಎಂಬ ಸಂಖ್ಯೆ ಮಾತ್ರ ಹಾಕಿ. ಕ್ಯೂಜಿಐಎಸ್‌ನಲ್ಲಿ ‘ಕ್ರಿಯೇಟ್ ಗ್ರಿಡ್’ ಮತ್ತು ‘ಕೌಂಟ್ ಪಾಯಿಂಟ್ಸ್ ಇನ್ ಪಾಲಿಗನ್’ ಎರಡರಲ್ಲಿ ಇದು ಮುಗಿಯುತ್ತದೆ. ಫೋಟೊ ಕೊಡುವುದಿದ್ದರೆ ಪ್ರತಿ ಮಾಡಿ, ಆ ಪ್ರತಿಯಿಂದ ಎಕ್ಸಿಫ್ ಮತ್ತು ಎಕ್ಸ್‌ಎಂಪಿ ಎರಡನ್ನೂ ಅಳಿಸಿ. ಒಂದನ್ನು ಅಳಿಸಿ ಇನ್ನೊಂದನ್ನು ಮರೆತರೆ ಪ್ರಯೋಜನವಿಲ್ಲ, ಡ್ರೋನ್‌ಗಳು ಜಾಗವನ್ನು ಎರಡು ಕಡೆಯೂ ಬರೆದಿರಬಹುದು. ಅಳಿಸಿದ ಪ್ರತಿಗಳನ್ನು ಒಂದು ಫೋಲ್ಡರಿಗೆ ಹಾಕಿ ‘ಇಂಪೋರ್ಟ್ ಜಿಯೊಟ್ಯಾಗ್ಡ್ ಫೋಟೋಸ್’ ಮತ್ತೆ ಓಡಿಸಿ ನೋಡಿ. ಒಂದು ಚುಕ್ಕಿಯೂ ಬೀಳಬಾರದು. ಎಕ್ಸಿಫ್‌ಟೂಲ್‌ನಲ್ಲಿ ಎಕ್ಸ್‌ಎಂಪಿಯನ್ನೂ ಒಮ್ಮೆ ಓದಿಸಿ, ಎರಡೂ ಖಾಲಿ ಬಂದ ಮೇಲೆ ಕಳಿಸಿ.